ತಪ್ಪು ಬೇರೆ, ಛಲ ಬೇರೆ: ಈಡಿಪಸ್ ಮಾಡಿದ್ದಾದರೂ ಏನು?

ಪ್ರಶ್ನೆ: ನಾನು ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿ. 'ದುರಂತ ನಾಯಕನಿಗೆ ಒಂದು ಮಾರಕ ದೋಷ ಇರುತ್ತದೆ. ಈಡಿಪಸ್‌ನ ದೋಷ ಅಹಂಕಾರ' ಅಂತ ನಮಗೆ ನೋಟ್ಸ್ ಬರೆಸಿದ್ದಾರೆ. ನಾಟಕ ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಅಪ್ಪನನ್ನು ಕೊಲ್ಲಬಾರದು ಅಂತಲೇ ಅವನು ಊರು ಬಿಟ್ಟು ಹೋದ. ಹುಟ್ಟುವ ಮೊದಲೇ ಎಲ್ಲ ನಿಶ್ಚಯ ಆಗಿದ್ದರೆ ಅವನ ದೋಷ ಎಲ್ಲಿಂದ ಬಂತು? ಇನ್ನೊಂದು ವಿಷಯ, ರನ್ನನ ದುರ್ಯೋಧನನನ್ನೂ ದುರಂತ ನಾಯಕ ಅಂತಾರೆ. ಅದು ಸರಿಯೇ?

ಉತ್ತರ: ನಿಮಗೆ ಬಂದ ಅನುಮಾನ ದಡ್ಡತನದ್ದಲ್ಲ. ಹೊಸದೂ ಅಲ್ಲ. ಆಕ್ಸ್‌ಫರ್ಡ್‌ನಲ್ಲಿ ಗ್ರೀಕ್ ಕಲಿಸುತ್ತಿದ್ದ ಇ.ಆರ್. ಡಾಡ್ಸ್ ಅವರು ಪರೀಕ್ಷೆಯಲ್ಲಿ ಇದೇ ನಾಟಕದ ಮೇಲೆ ಪ್ರಶ್ನೆ ಕೇಳಿದ್ದರು. ಬಂದ ಉತ್ತರಗಳನ್ನು ನೋಡಿ ಬೇಸತ್ತು 1966ರಲ್ಲಿ ಒಂದು ಲೇಖನವನ್ನೇ ಪ್ರಕಟಿಸಿದರು. ಈಡಿಪಸ್‌ನಲ್ಲಿ ಏನೋ ಕೆಟ್ಟತನ ಇತ್ತು, ಅದಕ್ಕೆ ಶಿಕ್ಷೆ ಆಯಿತು ಅಂತ ಕೆಲವರು ಬರೆದಿದ್ದರು. ಎಲ್ಲ ವಿಧಿಯಾಟ, ಅವನು ಬರೀ ಸೂತ್ರದ ಬೊಂಬೆ ಅಂತ ಇನ್ನು ಕೆಲವರು. ಎರಡೂ ತಪ್ಪು ಅನ್ನೋದು ಡಾಡ್ಸ್ ವಾದ. ಅಂದಮೇಲೆ ನಿಮ್ಮ ನೋಟ್ಸ್ ಬರೀ ನಮ್ಮ ಕಡೆಯ ಕಾಯಿಲೆ ಅಲ್ಲ, ಅಲ್ವಾ?

ಗೊಂದಲ ಇರುವುದು 'ದೋಷ' ಅನ್ನೋ ಪದದಲ್ಲಿ. ಗ್ರೀಕ್ ನಾಟಕಕಾರ ಸೊಫೊಕ್ಲಿಸ್ ಈ ನಾಟಕ ಬರೆದು ಸುಮಾರು ನೂರು ವರ್ಷ ಆದ ಮೇಲೆ ತತ್ವಜ್ಞಾನಿ ಅರಿಸ್ಟಾಟಲ್ ಕಾವ್ಯ, ನಾಟಕಗಳ ಬಗ್ಗೆ ತನ್ನ 'ಪೊಯೆಟಿಕ್ಸ್' ಬರೆದ. ಅದರ 13ನೇ ಅಧ್ಯಾಯದಲ್ಲಿ ಒಂದು ಲೆಕ್ಕ ಹಾಕುತ್ತಾನೆ. ತುಂಬಾ ಒಳ್ಳೆಯವನು ಹಾಳಾಗುವುದನ್ನು ತೋರಿಸಿದರೆ ನೋಡುವವರಿಗೆ ಅಸಹ್ಯ ಆಗುತ್ತದೆ. ನೀಚನೊಬ್ಬ ಹಾಳಾದರೆ 'ಸರಿಯಾಯ್ತು ಬಿಡು' ಅನ್ನಿಸುತ್ತದೆಯೇ ಹೊರತು ಮರುಕ ಹುಟ್ಟುವುದಿಲ್ಲ, ಭಯವೂ ಹುಟ್ಟುವುದಿಲ್ಲ. ಹಾಗಾಗಿ ಇವೆರಡರ ನಡುವಿನವನು ಬೇಕು. ಅವನು ದೊಡ್ಡ ಹೆಸರಿನವನು, ಚೆನ್ನಾಗಿ ಬಾಳುತ್ತಿರುವವನು. ಅವನು ಬೀಳುವುದು ಕೆಟ್ಟತನದಿಂದಲ್ಲ, ಯಾವುದೋ ಒಂದು 'ಹಮಾರ್ತಿಯ'ದಿಂದ. ಇದಕ್ಕೆ ಅರಿಸ್ಟಾಟಲ್ ಕೊಡುವ ಮೊದಲ ಉದಾಹರಣೆಯೇ ಈಡಿಪಸ್. 'ಕೆಟ್ಟತನದಿಂದಲ್ಲ' ಅಂತ ಅವನೇ ಬಾಯಿಬಿಟ್ಟು ಹೇಳಿದ್ದಾನೆ ಅನ್ನೋದನ್ನು ನೋಟ್ಸ್ ಬರೆಸುವವರು ಮರೆತುಬಿಡುತ್ತಾರೆ.

ಹಮಾರ್ತಿಯ ಅಂದರೆ ಏನು? ಅದರ ಮೂಲದಲ್ಲಿರುವ ಕ್ರಿಯಾಪದದ ಅರ್ಥ ಗುರಿ ತಪ್ಪುವುದು. ಹೋಮರ್‌ನ ಕಾವ್ಯದಲ್ಲಿ ಎಸೆದ ಈಟಿ ಶತ್ರುವಿಗೆ ತಗಲದೆ ಪಕ್ಕಕ್ಕೆ ಹೋದಾಗ ಬಳಸುವ ಮಾತು ಅದೇ. ಇಂಗ್ಲಿಷಿನಲ್ಲಿ ಇದನ್ನು ವಿವರಿಸೋಕೆ ಜನ ಒಂದು ಪುಟ ಬರೆಯಬೇಕಾಗುತ್ತದೆ. ಕನ್ನಡದಲ್ಲಿ ನಮ್ಮ ಕೈಯಲ್ಲೇ ಪದ ಇದೆ: ತಪ್ಪು. ಬಾಣ ಗುರಿ ತಪ್ಪಿತು ಅಂತೀವಿ. ಬಸ್ಸು ತಪ್ಪಿತು, ದಾರಿ ತಪ್ಪಿದೆ, ಲೆಕ್ಕ ತಪ್ಪಿತು ಅಂತೀವಿ. 'ತಪ್ಪು ಮಾಡಿದೆ' ಅಂತಲೂ ಅಂತೀವಿ. ಬಸ್ಸು ತಪ್ಪಿದವನನ್ನು ಯಾರೂ ಪಾಪಿ ಅನ್ನೋದಿಲ್ಲ. ಆದರೂ ಅವನು ಮದುವೆಗೋ ಸಾವಿಗೋ ಹೋಗಲಾಗದೆ ಜೀವನಪೂರ್ತಿ ನೊಂದುಕೊಳ್ಳಬಹುದು. ಗ್ರೀಕ್ ಪದಕ್ಕೆ ಇಷ್ಟು ಹತ್ತಿರದ ಮಾತು ನಮ್ಮಲ್ಲಿರುವಾಗ ನಾವು ಇಂಗ್ಲಿಷಿನ ಕಡೆಯಿಂದ ಸುತ್ತಿ ಬಂದು 'ಮಾರಕ ದೋಷ' ಅಂತ ಹೊಸ ಪದ ಕಟ್ಟಿಕೊಂಡೆವು. ದೋಷ ಅಂದ ತಕ್ಷಣ ಅದು ಮನುಷ್ಯನ ಒಳಗಿನ ಕೊಳೆ ಆಗಿಬಿಡುತ್ತದೆ. ಎಲ್ಲಿ ಕೊಳೆ ಅಂತ ಹುಡುಕೋಕೆ ಶುರು ಮಾಡುತ್ತೇವೆ.

ಈಗ ಈಡಿಪಸ್‌ನ ತಪ್ಪು ನೋಡೋಣ. ಅದು ಆಗಿದ್ದು ನಾಟಕ ಶುರುವಾಗುವ ಎಷ್ಟೋ ವರ್ಷ ಮೊದಲು. ಅವನು ಬೆಳೆದದ್ದು ಕೊರಿಂಥ್‌ನ ಅರಮನೆಯಲ್ಲಿ. ಒಂದು ಔತಣದಲ್ಲಿ ಯಾವನೋ ಕುಡಿದವನು 'ನೀನು ನಿಮ್ಮಪ್ಪನ ಮಗನೇ ಅಲ್ಲ' ಅಂದ. ಮನೆಯಲ್ಲಿ ಕೇಳಿದರೆ ಅಪ್ಪ ಅಮ್ಮ ಆ ಕುಡುಕನ ಮೇಲೆ ಸಿಟ್ಟಾದರು. ಇವನಿಗೆ ಮಾತ್ರ ಸಮಾಧಾನ ಆಗಲಿಲ್ಲ. ಯಾರಿಗೂ ಹೇಳದೆ, ಅಪೊಲೊ ದೇವರು ಕಣಿ ಹೇಳುವ ಡೆಲ್ಫಿಗೆ ಹೋಗಿ ದೇವರ ಹತ್ತಿರವೇ ಕೇಳಿದ. ಅಪೊಲೊ ಆ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ. ಬದಲಿಗೆ 'ನೀನು ಅಪ್ಪನನ್ನು ಕೊಂದು ಅಮ್ಮನನ್ನು ಮದುವೆಯಾಗುತ್ತೀಯ' ಅಂದ. ಈಡಿಪಸ್ ಕೊರಿಂಥ್‌ಗೆ ಬೆನ್ನು ಹಾಕಿ ನಡೆದ. ದಾರಿಯಲ್ಲಿ, ಮೂರು ದಾರಿ ಸೇರುವ ಕಡೆ, ಎದುರಿಗೆ ಒಂದು ಗಾಡಿ ಬಂತು. ಗಾಡಿಯವನು ಇವನನ್ನು ಪಕ್ಕಕ್ಕೆ ನೂಕಿದ. ಇವನು ಅವನಿಗೆ ಹೊಡೆದ. ಒಳಗೆ ಕೂತಿದ್ದ ಮುದುಕ ಎರಡು ಮೊನೆಯ ಬಾರುಕೋಲಿನಿಂದ ಇವನ ತಲೆಗೇ ಬಾರಿಸಿದ. ಈಡಿಪಸ್ ಊರುಗೋಲು ಬೀಸಿದ. ಮುದುಕ ಗಾಡಿಯಿಂದ ಉರುಳಿ ಸತ್ತ. ಆ ಮುದುಕನೇ ಅವನ ಹೆತ್ತ ಅಪ್ಪ, ಥೀಬ್ಸ್‌ನ ರಾಜ ಲಾಯಸ್. ಆಮೇಲೆ ಈಡಿಪಸ್ ಥೀಬ್ಸ್‌ಗೇ ದೊರೆಯಾದ, ಲಾಯಸ್‌ನ ವಿಧವೆ ಯೊಕಾಸ್ತಳನ್ನು, ಅಂದರೆ ಹೆತ್ತ ಅಮ್ಮನನ್ನೇ, ಗೊತ್ತಿಲ್ಲದೆ ಮದುವೆಯಾದ.

ಇಲ್ಲಿ ಸಿಟ್ಟು ಇದೆ, ಇಲ್ಲ ಅನ್ನೋದಿಲ್ಲ. ಆದರೆ ತಲೆಗೆ ಮೊದಲು ಹೊಡೆದವರು ಎದುರಿನವರು. ಅವತ್ತಿನ ಅಥೆನ್ಸ್‌ನ ಪ್ರೇಕ್ಷಕರಲ್ಲಿ ಎಷ್ಟೋ ಜನ 'ನಾನಾದರೂ ತಿರುಗಿ ಹೊಡೀತಿದ್ದೆ' ಅಂದುಕೊಂಡಿರಬಹುದು. ಅದು ಅವನ ದುರಂತ ಆಗಿದ್ದು ಅವನು ಸಿಟ್ಟಾದ ಅನ್ನೋದಕ್ಕಲ್ಲ, ಎದುರಿಗಿದ್ದ ಮುದುಕ ಯಾರು ಅಂತ ಗೊತ್ತಿಲ್ಲದ್ದಕ್ಕೆ. ಗುರಿ ತಪ್ಪಿತು ಅಂದರೆ ಹೀಗೆ. ನೀತಿಶಾಸ್ತ್ರದ ಬಗ್ಗೆ ಬರೆಯುವಾಗಲೂ ಅರಿಸ್ಟಾಟಲ್ ಇದನ್ನು ಬಿಡಿಸಿ ಇಡುತ್ತಾನೆ. ಯಾರೂ ನಿರೀಕ್ಷಿಸಲಾಗದ ಆಕಸ್ಮಿಕ ಒಂದು. ಕೆಟ್ಟ ಮನಸ್ಸಿಲ್ಲದೆ ಆದ ತಪ್ಪು ಇನ್ನೊಂದು. ಗೊತ್ತಿದ್ದೂ ಮಾಡಿದ ಅನ್ಯಾಯ ಮತ್ತೊಂದು. ಹಮಾರ್ತಿಯ ಬಳಗದ ಪದ ಬರುವುದು ನಡುವಿನದಕ್ಕೆ.

ಹಾಗಾದರೆ ಮುಗಿಯಿತಲ್ಲ, ಪಾಪ ಏನೂ ಗೊತ್ತಿಲ್ಲದ ಮನುಷ್ಯ, ವಿಧಿ ಆಡಿಸಿತು ಅಂದುಬಿಡಬಹುದೇ? ಊಹೂಂ. ಹಾಗಂದರೆ ನಾಟಕದ ತಿರುಳೇ ಕೈಬಿಟ್ಟು ಹೋಗುತ್ತದೆ. ಕೊಲೆ, ಮದುವೆ ಎರಡೂ ರಂಗದ ಮೇಲೆ ನಡೆಯುವುದಿಲ್ಲ. ನಾವು ನೋಡುವುದು ಒಂದು ದಿನದ ವಿಚಾರಣೆ. ಅಪೊಲೊ ಹೇಳಿದ್ದು 'ಕೊಲ್ಲುತ್ತೀಯ, ಮದುವೆಯಾಗುತ್ತೀಯ' ಅಂತ. 'ಅದನ್ನು ನೀನೇ ಹುಡುಕಿ ಬಯಲು ಮಾಡುತ್ತೀಯ' ಅಂತ ಯಾವ ದೇವರೂ ಹೇಳಿರಲಿಲ್ಲ. ಆ ಕೆಲಸ ಪೂರ್ತಿ ಈಡಿಪಸ್‌ನದು. ಇಲ್ಲಿ ಬರುವುದು ತಪ್ಪಲ್ಲ, ಇನ್ನೊಂದು ಗುಣ. ಅದಕ್ಕೂ ನಮ್ಮಲ್ಲಿ ಪದ ಇದೆ: ಛಲ.

ನಾಟಕದ ಶುರುವಿನಲ್ಲೇ ನೋಡಿ. ಥೀಬ್ಸ್ ಊರಿಗೆ ಪಿಡುಗು ಬಡಿದಿದೆ. (ಅಥೆನ್ಸ್‌ಗೂ ಕ್ರಿ.ಪೂ. 430ರಲ್ಲಿ ಭಾರಿ ಪಿಡುಗು ಬಂದಿತ್ತು. ನಾಟಕ ಅದರ ನಂತರದ್ದು ಅನ್ನೋದು ಹೆಚ್ಚಿನ ವಿದ್ವಾಂಸರ ಊಹೆ.) ಜನ ಅರಮನೆ ಮುಂದೆ ಬಂದು ಕೂತಿದ್ದಾರೆ. ಏನಾದರೂ ಮಾಡಿ ಅಂತ ಅವರು ಬೇಡಿಕೊಂಡರೆ, ನಾನು ಆಗಲೇ ಭಾವಮೈದುನನನ್ನು ಡೆಲ್ಫಿಗೆ ಕಳಿಸಿದ್ದೇನೆ ಅಂತಾನೆ ಈಡಿಪಸ್. ಆ ಭಾವಮೈದುನ ಕ್ರಿಯೊನ್ ಬಂದು 'ಒಳಗೆ ಹೋಗಿ ಹೇಳಲೇ?' ಅಂದರೆ, 'ಬೇಡ, ಎಲ್ಲರ ಮುಂದೆ ಹೇಳು' ಅಂತಾನೆ. ಹಿಂದಿನ ರಾಜ ಲಾಯಸ್‌ನನ್ನು ಕೊಂದವನು ಊರಲ್ಲೇ ಇದ್ದಾನೆ, ಅವನನ್ನು ಹಿಡಿಯಬೇಕು ಅಂತ ಗೊತ್ತಾದ ಕೂಡಲೇ ಕೊಲೆಗಾರನಿಗೆ ಶಾಪ ಹಾಕುತ್ತಾನೆ. 'ಗೊತ್ತಿದ್ದೂ ನಾನೇ ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದರೆ ನನಗೂ ತಗಲಲಿ' ಅಂತ ಸೇರಿಸುತ್ತಾನೆ. ಪ್ರೇಕ್ಷಕರಿಗೆ ಕತೆ ಮೊದಲೇ ಗೊತ್ತು. ಹಾಗಾಗಿ ಒಂದೊಂದು ಮಾತಿಗೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಒಳ್ಳೆಯ ದೊರೆ ಮಾಡಬೇಕಾದ್ದನ್ನೇ ಅವನು ಮಾಡುತ್ತಿದ್ದಾನೆ. ಅದೇ ಅವನನ್ನು ಹಳ್ಳದ ಕಡೆಗೆ ಎಳೆಯುತ್ತಿದೆ.

ಕುರುಡ ಕಣಿಗಾರ ಟೈರೀಸಿಯಸ್ ಜೊತೆಗಿನ ಜಗಳದಲ್ಲಿ ಈಡಿಪಸ್ ಕೆಟ್ಟದಾಗಿ ನಡೆದುಕೊಳ್ಳುತ್ತಾನೆ, ನಿಜ. ಕ್ರಿಯೊನ್ ಮೇಲೆ ಪಿತೂರಿಯ ಆರೋಪ ಹೊರಿಸುತ್ತಾನೆ. ನಿಮ್ಮ ನೋಟ್ಸ್‌ನ 'ಅಹಂಕಾರ' ಹುಟ್ಟಿದ್ದು ಈ ಎರಡು ದೃಶ್ಯಗಳಿಂದ. ಆದರೆ ಸ್ವಲ್ಪ ಯೋಚಿಸಿ. ಈ ಜಗಳ ಆಗದೇ ಇದ್ದಿದ್ದರೆ ಅವನು ತಂದೆಯನ್ನು ಕೊಂದದ್ದು ಬದಲಾಗುತ್ತಿತ್ತೇ?

ಆಮೇಲೆ ಬರುವ ಹೆಂಡತಿ ಯೊಕಾಸ್ತಳ ದೃಶ್ಯ ನನಗೆ ಬಹಳ ಇಷ್ಟ. ಅವಳು ಗಂಡನಿಗೆ ಧೈರ್ಯ ಹೇಳೋಕೆ ಬರುತ್ತಾಳೆ. ಕಣಿ ಎಲ್ಲ ಸುಳ್ಳು, ಲಾಯಸ್ ಮಗನ ಕೈಯಲ್ಲಿ ಸಾಯುತ್ತಾನೆ ಅಂದಿದ್ದರು, ಅವನು ಸತ್ತದ್ದು ಮೂರು ದಾರಿ ಕೂಡುವಲ್ಲಿ, ಕಳ್ಳರ ಕೈಯಲ್ಲಿ ಅಂತಾಳೆ. ಸುಮ್ನೆ, ಮಾತಿನ ಮಧ್ಯೆ ಬಂದುಹೋದ ಮಾತು. ಈಡಿಪಸ್‌ನ ಕಿವಿ 'ಮೂರು ದಾರಿ' ಅನ್ನೋ ಕಡೆ ನಿಂತುಬಿಡುತ್ತದೆ. ಎಲ್ಲಿ? ಯಾವಾಗ? ನೋಡೋಕೆ ಹೇಗಿದ್ದ? ಜೊತೆಗೆ ಎಷ್ಟು ಜನ? ಐದು ಜನ, ಒಂದು ಗಾಡಿ. ಕೊನೆಗೆ ಅವನು ಒಂದು ಅಕ್ಷರಕ್ಕೆ ಜೋತುಬೀಳುತ್ತಾನೆ. ಬದುಕಿ ಬಂದ ಆಳು 'ಕಳ್ಳರು' ಅಂದಿದ್ದನಲ್ಲ, ಬಹುವಚನ. ಅವನು ಈಗಲೂ ಅದನ್ನೇ ಹೇಳಿದರೆ ನಾನಲ್ಲ, ಯಾಕೆಂದರೆ ಒಬ್ಬ ಹಲವರಿಗೆ ಸಮ ಆಗೋಕಾಗಲ್ಲ. ಒಂದು ಸಾಮ್ರಾಜ್ಯ 'ರು' ಕಾರದ ಮೇಲೆ ನಿಂತಿದೆ!

ಆ ಆಳು ಬರುವ ಮೊದಲೇ ಕೊರಿಂಥ್‌ನಿಂದ ಇನ್ನೊಬ್ಬ ಬರುತ್ತಾನೆ. ನಿನ್ನ ಅಪ್ಪ ತೀರಿಕೊಂಡ ಅಂತಾನೆ. ಹೆದರಬೇಡ, ಅವನು ನಿನ್ನ ಸ್ವಂತ ಅಪ್ಪ ಅಲ್ಲ, ಕಾಲಿಗೆ ಮೊಳೆ ಚುಚ್ಚಿದ್ದ ಕೂಸನ್ನು ನಾನೇ ತಂದುಕೊಟ್ಟದ್ದು ಅಂತ ಸಂತೋಷದಿಂದ ಹೇಳುತ್ತಾನೆ. ಈ ನಾಟಕದಲ್ಲಿ ಸಮಾಧಾನ ಮಾಡೋಕೆ ಬಂದವರೇ ಜಾಸ್ತಿ ಅನಾಹುತ ಮಾಡುವವರು. ಕಣಿಗೆ ಹೆದರಿ ತಾನೂ ಲಾಯಸ್‌ನೂ ಬೆಟ್ಟದಲ್ಲಿ ಬಿಡಲು ಕಳಿಸಿದ್ದ ಕೂಸೇ ಅದು ಅಂತ ಯೊಕಾಸ್ತಳಿಗೆ ಅಲ್ಲೇ ಎಲ್ಲ ಗೊತ್ತಾಗುತ್ತದೆ. ಇನ್ನು ಹುಡುಕಬೇಡ ಅಂತ ಬೇಡಿಕೊಳ್ಳುತ್ತಾಳೆ. ನೀನು ಯಾರು ಅಂತ ನಿನಗೆ ಎಂದಿಗೂ ತಿಳಿಯದಿರಲಿ ಅಂದು ಒಳಗೆ ಹೋಗುತ್ತಾಳೆ. ಅವನು ನಿಲ್ಲಿಸುವುದಿಲ್ಲ.

ಕೊನೆಗೆ ಆ ಆಳು, ಕುರಿ ಕಾಯುವ ಮುದುಕ, ಬರುತ್ತಾನೆ. ಬಾಯಿ ಬಿಡುವುದಿಲ್ಲ. ಈಡಿಪಸ್ ಅವನ ಕೈ ಹಿಂದಕ್ಕೆ ತಿರುಚಿಸುತ್ತಾನೆ. ಇನ್ನೊಂದೇ ಮಾತು ಉಳಿದಿದೆ: ಆ ಕೂಸು ಯಾರದು? 'ಅಯ್ಯೋ, ಹೇಳಬಾರದ್ದನ್ನು ಹೇಳುವ ಅಂಚಿಗೆ ಬಂದೆ' ಅಂತಾನೆ ಮುದುಕ. 'ನಾನು ಕೇಳಬಾರದ್ದನ್ನು ಕೇಳುವ ಅಂಚಿಗೆ ಬಂದಿದ್ದೇನೆ. ಆದರೂ ಕೇಳಲೇಬೇಕು' ಅಂತಾನೆ ಈಡಿಪಸ್. (ಇದು ನನ್ನ ಸರಳ ಕನ್ನಡ. ನಾಟಕವನ್ನು ಪೂರ್ತಿ ಕನ್ನಡದಲ್ಲಿ ಓದಬೇಕೆಂದರೆ ಲಂಕೇಶರ 'ದೊರೆ ಈಡಿಪಸ್' ಇದೆ.) ಹವ್ಯಾಸಿ ತಂಡವೊಂದರ ತಾಲೀಮಿನಲ್ಲಿ ಈ ಎರಡು ಸಾಲು ಬರುವಾಗ ಟೀ ಕುಡಿಯುತ್ತಾ ಮಾತಾಡುತ್ತಿದ್ದ ಹುಡುಗರೆಲ್ಲ ಲೋಟ ಕೈಯಲ್ಲೇ ಹಿಡಿದು ನಿಂತದ್ದನ್ನು ನೋಡಿದ್ದೇನೆ. ಆ 'ಆದರೂ' ಅನ್ನೋ ಜಾಗದಲ್ಲಿ ಈಡಿಪಸ್‌ಗೆ ಎಲ್ಲ ಗೊತ್ತು. ಅವನು ಬೊಂಬೆಯಾಗಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಅಹಂಕಾರಿ ಆಗಿದ್ದರೆ ಅಲ್ಲೇ ಮುದುಕನ ಬಾಯಿ ಮುಚ್ಚಿಸುತ್ತಿದ್ದ.

ಅವನು ಹೆಂಡತಿಯ ಉಡುಪಿನ ಚಿನ್ನದ ಪಿನ್ನು ಕಿತ್ತು ಕಣ್ಣಿಗೆ ಚುಚ್ಚಿಕೊಂಡ ಮೇಲೆ, ಯಾವ ದೇವರು ನಿನ್ನಿಂದ ಇದನ್ನು ಮಾಡಿಸಿದ್ದು ಅಂತ ಮೇಳದವರು (ಊರ ಹಿರಿಯರಾಗಿ ಹಾಡುವ, ಮಾತಾಡುವ ಗುಂಪು) ಕೇಳುತ್ತಾರೆ. ಅಪೊಲೊ, ಆದರೆ ಚುಚ್ಚಿದ ಕೈ ನನ್ನದೇ ಅಂತಾನೆ. ವಿಧಿಯೋ ಮನುಷ್ಯನೋ ಅನ್ನೋ ನಿಮ್ಮ ಪ್ರಶ್ನೆಗೆ ಸೊಫೊಕ್ಲಿಸ್ ಕೊಟ್ಟ ಉತ್ತರ ಅದು. ಎರಡೂ. ಮುಪ್ಪಿನಲ್ಲಿ ಅವನು ಬರೆದ, ಅವನು ಸತ್ತ ಮೇಲೆ ಕ್ರಿ.ಪೂ. 401ರಲ್ಲಿ ಆಡಿದ ಇನ್ನೊಂದು ನಾಟಕದಲ್ಲಿ ಮುದಿ ಈಡಿಪಸ್ ತನ್ನ ಪರವಾಗಿ ತಾನೇ ವಾದ ಮಾಡುತ್ತಾನೆ: ಅವೆಲ್ಲ ನಾನು ಮಾಡಿದ್ದಕ್ಕಿಂತ ಅನುಭವಿಸಿದ್ದು ಜಾಸ್ತಿ, ನನಗೆ ಗೊತ್ತಿರಲಿಲ್ಲ. ಅಂದಹಾಗೆ, ಈಡಿಪಸ್ ಸೇರಿದ್ದ ನಾಟಕಗಳ ಗುಚ್ಛಕ್ಕೆ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬರಲಿಲ್ಲ. ಅದು ಫಿಲೊಕ್ಲಿಸ್ ಅನ್ನುವವನ ಪಾಲಾಯಿತು. ಅವನ ಒಂದು ನಾಟಕವೂ ಇವತ್ತು ಪೂರ್ತಿ ಉಳಿದಿಲ್ಲ.

ಹಾಗಾದರೆ 'ದೋಷ' ಎಲ್ಲಿಂದ ಬಂತು? ಒಂದು ಕಾರಣ, ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್‌ನಲ್ಲಿ ಹಮಾರ್ತಿಯ ಅಂದರೆ ಪಾಪ. ಆ ನೆರಳು ಹಳೆಯ ಪದದ ಮೇಲೂ ಬಿತ್ತು. ಇನ್ನೊಂದು, ಎ.ಸಿ. ಬ್ರಾಡ್ಲಿ 1904ರಲ್ಲಿ ಶೇಕ್ಸ್‌ಪಿಯರ್ ಬಗ್ಗೆ ಬರೆದ ಪುಸ್ತಕ. ಹೀರೋನನ್ನು ದೊಡ್ಡವನಾಗಿ ಮಾಡುವ ಗುಣವೇ ಆ ಸನ್ನಿವೇಶದಲ್ಲಿ ಅವನಿಗೆ ಮಾರಕ ಆಗುತ್ತದೆ ಅಂದಿದ್ದರು ಬ್ರಾಡ್ಲಿ. ಎಷ್ಟು ಸೂಕ್ಷ್ಮವಾದ ಮಾತು! ಗೈಡುಗಳು ಅದನ್ನು ಹಿಂಡಿ ಹ್ಯಾಮ್ಲೆಟ್ ಅಂದರೆ ವಿಳಂಬ, ಮ್ಯಾಕ್‌ಬೆತ್ ಅಂದರೆ ಅಧಿಕಾರದಾಸೆ, ಒಥೆಲೊ ಅಂದರೆ ಅನುಮಾನ ಅಂತ ಪಟ್ಟಿ ಮಾಡಿದವು. ಆಮೇಲೆ ಅದೇ ಪಟ್ಟಿಯನ್ನು ಹಿಂದಕ್ಕೆ ಒಯ್ದು ಗ್ರೀಕರಿಗೂ ಅಂಟಿಸಿದರು. ಅಹಂಕಾರ ಅಂತ ಹೇಳಿಕೊಡುವ 'ಹುಬ್ರಿಸ್' ಕೂಡ ಅಥೆನ್ಸ್‌ನಲ್ಲಿ ಮುಖ್ಯವಾಗಿ ಇನ್ನೊಬ್ಬರನ್ನು ಬೇಕಂತಲೇ ಅವಮಾನಿಸುವುದು, ಮೈಮೇಲೆ ಕೈ ಮಾಡುವುದು. ಅದಕ್ಕೆ ಕೋರ್ಟಿನಲ್ಲಿ ಕೇಸು ಹಾಕಬಹುದಿತ್ತು. ದುರಂತ ನಾಯಕನನ್ನು ವಿವರಿಸುವಾಗ ಅರಿಸ್ಟಾಟಲ್ ಆ ಪದವನ್ನು ತರುವುದೇ ಇಲ್ಲ.

ಹಾಗಂತ ಸೊಕ್ಕಿನ ನಾಯಕರೇ ಇಲ್ಲ ಅಂತಲ್ಲ. ಸೊಫೊಕ್ಲಿಸ್‌ನ ಇನ್ನೊಂದು ನಾಟಕದ ವೀರ ಅಯಾಸ್ ಇದ್ದಾನೆ. ಯುದ್ಧಕ್ಕೆ ಹೊರಟಾಗ ಅಪ್ಪ 'ದೇವರ ಜೊತೆ ಸೇರಿ ಗೆದ್ದು ಬಾ' ಅಂದರೆ, 'ದೇವರಿದ್ದರೆ ಕೈಲಾಗದವನೂ ಗೆಲ್ಲುತ್ತಾನೆ, ನಾನು ದೇವರಿಲ್ಲದೆಯೇ ಗೆಲ್ಲುತ್ತೇನೆ' ಅಂದವನು. ಅವನಿಗೆ ಆ ಪದ ಸಲ್ಲುತ್ತದೆ. ಸೊಫೊಕ್ಲಿಸ್‌ನದೇ 'ಅಂತಿಗೊನೆ' ನಾಟಕದ ಕ್ರಿಯೊನ್ ಕತೆ ಇನ್ನೂ ಬೇರೆ. ಅಲ್ಲಿ ಅವನೇ ದೊರೆ. ಹೂಳಬಾರದು ಅಂತ ಅವನು ಅಪ್ಪಣೆ ಮಾಡಿದ್ದ ಅಣ್ಣನ ಹೆಣಕ್ಕೆ ಮಣ್ಣು ಹಾಕಿದಳು ಅಂತ ಅಂತಿಗೊನೆಯನ್ನು ಗವಿಯಲ್ಲಿ ಮುಚ್ಚಿಸಿದ್ದ. ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣ ಹೂಳು ಅಂತ ಹಿರಿಯರು ಹೇಳಿದರು. ಮನಸ್ಸು ಬದಲಾಯಿಸಿ ಹೊರಟವನು ಮೊದಲು ಹೆಣ ಹೂಳಿ, ಆಮೇಲೆ ಗವಿಗೆ ಹೋದ. ಅಷ್ಟರಲ್ಲಿ ಅವಳು ನೇಣು ಹಾಕಿಕೊಂಡಿದ್ದಳು. ಅವಳನ್ನು ಮದುವೆಯಾಗಬೇಕಿದ್ದ ಕ್ರಿಯೊನ್‌ನ ಮಗ ಅಪ್ಪನ ಕಣ್ಣೆದುರೇ ಇರಿದುಕೊಂಡ. ಹೆಣ ಎತ್ತಿಕೊಂಡು ಬರುವ ಕ್ರಿಯೊನ್‌ನನ್ನು ನೋಡಿ ಮೇಳ ಬಳಸುವುದು ಹಮಾರ್ತಿಯದ ಬಳಗದ ಮಾತನ್ನೇ.

ಇನ್ನು ದುರ್ಯೋಧನ. ನಮ್ಮಲ್ಲಿ ಈ ಚರ್ಚೆಗೆ ಜೀವ ಬಂದದ್ದು ಬಿ.ಎಂ. ಶ್ರೀಕಂಠಯ್ಯನವರಿಂದ. ಅವರು ರನ್ನನ ಕಾವ್ಯವನ್ನೇ ಹಿಡಿದು 1926ರಲ್ಲಿ 'ಗದಾಯುದ್ಧ ನಾಟಕಂ' ಮಾಡಿದರು. ಸೊಫೊಕ್ಲಿಸ್‌ನ ಆ ಅಯಾಸ್‌ನ ಅಚ್ಚಿನಲ್ಲಿ 'ಅಶ್ವತ್ಥಾಮನ್' ಬರೆದರು. ಅಯಾಸ್‌ನ ಹಾಗೆ ಇಲ್ಲಿ ಅಶ್ವತ್ಥಾಮನೂ ಸಾಯುತ್ತಾನೆ. ಚಿರಂಜೀವಿಯಾದ ಅಶ್ವತ್ಥಾಮನನ್ನು ಸಾಯಿಸಬಹುದೇ ಅಂತ ಆಕ್ಷೇಪ ಬಂತು. ಗ್ರೀಕ್ ಅಚ್ಚು ನಮ್ಮ ಪುರಾಣಕ್ಕೆ ಎಲ್ಲಿ ಒತ್ತುತ್ತದೆ ಅನ್ನೋದು ಅಲ್ಲಿ ಗೊತ್ತಾಗುತ್ತದೆ.

ಅರಿಸ್ಟಾಟಲ್‌ನ ಅಳತೆಗೋಲು ಹಿಡಿದರೆ ದುರ್ಯೋಧನ ಅಷ್ಟು ಸುಲಭವಾಗಿ ಪಾಸಾಗುವುದಿಲ್ಲ. ಅರಗಿನ ಮನೆ, ದ್ಯೂತ, ದ್ರೌಪದಿಯ ಸಭೆ, ಇವ್ಯಾವುವೂ ಗುರಿ ತಪ್ಪಿದ ಬಾಣ ಅಲ್ಲ. ಎಲ್ಲ ಗೊತ್ತಿದ್ದೇ ಮಾಡಿದ್ದು. ಆದರೆ ರನ್ನ ಕತೆಯನ್ನು ಎತ್ತಿಕೊಳ್ಳುವುದು ಅವೆಲ್ಲ ಮುಗಿದ ಮೇಲೆ. ನಾವು ನೋಡುವ ದುರ್ಯೋಧನ ಹೆಣಗಳ ನಡುವೆ ಸಂಜಯನ ಜೊತೆ ನಡೆಯುತ್ತಿರುವವನು. ಅಭಿಮನ್ಯುವಿನ ಹೆಣದ ಮುಂದೆ ನಿಂತು, ಶತ್ರುವಿನ ಮಗ ಅನ್ನದೆ ಕೈಮುಗಿದು, ನನಗೂ ಇಂಥ ಸಾವು ಬರಲಿ ಅಂತಾನೆ. ಸಂಧಿ ಮಾಡಿಕೋ ಅಂದರೆ 'ನೆಲಕಿರಿವೆನೆಂದು ಬಗೆದಿರೆ, ಛಲಕಿರಿವೆಂ' (ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ) ಅಂತಾನೆ. ಕರ್ಣನನ್ನು ಕೊಲ್ಲಿಸಿದ ಈ ನೆಲ ನನಗೆ ಪಾಳುನೆಲ ಅಂತಾನೆ. ಪಂಪ ಕೂಡ ದುರ್ಯೋಧನನನ್ನು ನೆನೆಯುವುದು 'ಛಲದೊಳ್' ಅಂತಲೇ. ನಮ್ಮ ಈ ಪದದ ಸೊಗಸು ನೋಡಿ. 'ಹುಡುಗನಿಗೆ ಛಲ ಇದೆ' ಅಂದರೆ ಹೊಗಳಿಕೆ. 'ಏನು ಛಲಾನಪ್ಪ ಇವನದು' ಅಂದರೆ ಬೈಗುಳ. ಬ್ರಾಡ್ಲಿ ಒಂದು ವಾಕ್ಯದಲ್ಲಿ ಹೇಳಿದ್ದು ನಮ್ಮ ಎರಡಕ್ಷರದಲ್ಲಿದೆ.

ಹಾಗಾಗಿ ನನ್ನ ಉತ್ತರ: ಛಲದ ಲೆಕ್ಕದಲ್ಲಿ ರನ್ನನ ದುರ್ಯೋಧನ ದುರಂತ ನಾಯಕ, ತಪ್ಪಿನ ಲೆಕ್ಕದಲ್ಲಿ ಅಲ್ಲ. ಈಡಿಪಸ್‌ನಲ್ಲಿ ಎರಡೂ ಇದೆ. ಇದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ನೀವೂ ಒಪ್ಪಬೇಕಿಲ್ಲ.

ಪರೀಕ್ಷೆಯಲ್ಲಿ ನೋಟ್ಸ್‌ನ ವಿರುದ್ಧ ಬರೆದರೆ ಅಂಕ ಹೋಗುತ್ತದೆ ಅಂತ ಹೆದರಿಕೆ ಇದ್ದರೆ ಹೀಗೆ ಮಾಡಿ. ಮೊದಲು 'ಈ ಗುಣವನ್ನು ಸಾಮಾನ್ಯವಾಗಿ ಅಹಂಕಾರ ಅನ್ನುತ್ತಾರೆ' ಅಂತ ಒಂದು ಸಾಲು ಹಾಕಿ. ಆಮೇಲೆ ನಾಟಕದಿಂದಲೇ ದೃಶ್ಯ ಕೊಟ್ಟು ನಿಮ್ಮ ಮಾತು ಬರೆಯಿರಿ. ಕುರಿ ಕಾಯುವ ಮುದುಕನ ದೃಶ್ಯ ಒಂದು. ಇನ್ನೊಂದು ಬೇಕಾದರೆ ಕೊನೆಯದು ತೊಗೊಳ್ಳಿ. ಕಣ್ಣಿಲ್ಲ, ಹೆಂಡತಿ ಇಲ್ಲ, ರಾಜ್ಯ ಇಲ್ಲ. ಆದರೂ ಈಡಿಪಸ್ ನನ್ನನ್ನು ಊರಿಂದ ಆಚೆ ಕಳಿಸು, ಮಕ್ಕಳನ್ನು ನನ್ನಿಂದ ಬಿಡಿಸಬೇಡ ಅಂತ ಒಂದರ ಹಿಂದೆ ಒಂದು ಹೇಳುತ್ತಲೇ ಇದ್ದಾನೆ. ಕ್ರಿಯೊನ್ ಹೆಣ್ಣುಮಕ್ಕಳ ಕೈ ಬಿಡಿಸುತ್ತಾ ಹೇಳುತ್ತಾನೆ: ಎಲ್ಲದರಲ್ಲೂ ನಿನ್ನ ಮಾತೇ ನಡೆಯಬೇಕು ಅನ್ನಬೇಡ.